ಊರುವ ಕೋಲು: ಹೆಸರಿಲ್ಲದ ಒಂದು ಉಪಕರಣದ ಚರಿತ್ರೆ

ಮಳೆ ಬಿದ್ದ ಮರುದಿನ ಹಿತ್ತಿಲಲ್ಲಿ ಅವರೆ, ಹೀರೆ, ಕುಂಬಳದ ಬೀಜ ಹಾಕಲು ನಮ್ಮ ಹಿರಿಯರು ಮೊಳದುದ್ದದ ಕೋಲೊಂದರ ತುದಿಯನ್ನು ಕುಡುಗೋಲಿನಿಂದ ಚೂಪು ಮಾಡಿಕೊಳ್ಳುತ್ತಿದ್ದುದನ್ನು ನಾವು ಕಂಡಿದ್ದೇವೆ. ನೆಲಕ್ಕೆ ಚುಚ್ಚುವುದು, ಗುಳಿಗೆ ಎರಡು ಬೀಜ ಬಿಡುವುದು, ಕಾಲಿನಿಂದ ಮಣ್ಣು ಸರಿಸುವುದು: ಇಷ್ಟೇ ಅದರ ಕೆಲಸ. ಸಂಜೆಯ ವೇಳೆಗೆ ಆ ಕೋಲು ಬೇಲಿಗೋ ಒಲೆಗೋ ಸೇರುತ್ತಿತ್ತು. ನೇಗಿಲಿಗೆ ಪೂಜೆಯುಂಟು, ಕೂರಿಗೆಗೆ ಪೂಜೆಯುಂಟು. ಈ ಕೋಲಿಗೆ ಪೂಜೆಯೂ ಇಲ್ಲ, ಎಲ್ಲರೂ ಒಪ್ಪಿದ ಹೆಸರೂ ಇಲ್ಲ.

ಉಪಕರಣಕ್ಕೆ ಹೆಸರಿಲ್ಲದಿದ್ದರೂ ಅದರ ಕ್ರಿಯೆಗೆ ಕನ್ನಡದಲ್ಲಿ ಖಚಿತವಾದ ಮಾತುಂಟು. ಕಾಳನ್ನು ಕೈಯಿಂದ ಚೆಲ್ಲಿದರೆ ಎರಚುವುದು, ಕೂರಿಗೆಯಿಂದ ಸಾಲಿಗಿಳಿಸಿದರೆ ಬಿತ್ತುವುದು, ಸಸಿಯಾದರೆ ನೆಡುವುದು, ಗುಳಿ ಮಾಡಿ ಒಂದೊಂದಾಗಿ ಇಟ್ಟರೆ ಊರುವುದು. ಮುಪ್ಪಿನಲ್ಲಿ ನೆಲಕ್ಕೆ ಊರಿ ನಡೆಯುವ ಕೋಲನ್ನು ಊರುಗೋಲು ಎನ್ನುವಾಗಲೂ ಇದೇ ಧಾತುವೇ ನಮ್ಮ ಬಾಯಲ್ಲಿರುತ್ತದೆ.

ಈ ಕೋಲಿನ ಪ್ರಾಚೀನತೆಯನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಆದೋನಿ, ಆಲೂರು, ರಾಯದುರ್ಗಗಳು 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಈ ಜಿಲ್ಲೆಯ ಬೆಟ್ಟಗುಡ್ಡಗಳನ್ನು ಸುತ್ತಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಇಲ್ಲಿನ ನವಶಿಲಾಯುಗದ ನೆಲೆಗಳನ್ನೂ ಬೂದಿದಿಬ್ಬಗಳನ್ನೂ ವಿದ್ವತ್ ಲೋಕದ ಗಮನಕ್ಕೆ ತಂದರು. ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಕೊಳ್ಳಲಾಯಿತು. ಬಳ್ಳಾರಿಯ ಬಳಿಯ ಸಂಗನಕಲ್ಲು ಮುಂತಾದೆಡೆ ಮುಂದೆ ನಡೆದ ಅಗೆತಗಳಲ್ಲಿ ಸುಟ್ಟು ಕರಿಯಾದ ಹುರುಳಿ, ಹೆಸರು, ಕೊರಲೆಯ ಕಾಳುಗಳು ದೊರೆತಿವೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈ ಸೀಮೆಯ ಜನ ನಮ್ಮ ಅಡಿಗೆಮನೆಯ ಕಾಳುಗಳನ್ನೇ ಬೆಳೆಯುತ್ತಿದ್ದರು.

ಅವರು ಹಿಡಿದ ಕೋಲು ಉಳಿದಿಲ್ಲ, ಮರ ಮಣ್ಣಾಗುತ್ತದೆ. ಆದರೆ ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ನಡುವೆ ತೂತು ಕೊರೆದ ದುಂಡು ಕಲ್ಲುಗಳು ಸಿಕ್ಕಿವೆ. ಇವು ಗದೆಯ ತಲೆಗಳೆಂದು ಕೆಲವರು ಹೇಳಿದರೆ, ಅಗೆಯುವ ಕೋಲಿಗೆ ತೂಕ ಕೊಡಲು ತೊಡಿಸಿದ ಕಲ್ಲುಗಳೆಂದು ಹಲವು ವಿದ್ವಾಂಸರು ಭಾವಿಸಿದ್ದಾರೆ. ದಕ್ಷಿಣ ಆಫ್ರಿಕದ ಸಾನ್ ಜನರು ಇಂಥ ಕಲ್ಲು ತೊಡಿಸಿದ ಕೋಲಿನಿಂದ ಗೆಡ್ಡೆ ಅಗೆಯುತ್ತಿದ್ದುದು ಈ ಊಹೆಗೆ ಬಲ ಕೊಡುತ್ತದೆ. ಕಲ್ಲಿನ ಭಾರದಿಂದ ಕೋಲಿನ ಮೊನೆ ಗಟ್ಟಿ ನೆಲಕ್ಕೂ ಇಳಿಯುತ್ತದೆ, ತೋಳಿನ ಶ್ರಮ ತಗ್ಗುತ್ತದೆ.

ಮುಂದೆ ನೇಗಿಲು ಬಂತು, ಕೂರಿಗೆ ಬಂತು. ಬಿದಿರಿನ ಕೊಳವೆಗಳ ಮೂಲಕ ಏಕಕಾಲಕ್ಕೆ ಹಲವು ಸಾಲುಗಳಿಗೆ ಕಾಳಿಳಿಸುವ ಕೂರಿಗೆಯ ಮುಂದೆ ಕೋಲು ಹೊಲ ಬಿಟ್ಟು ಹಿತ್ತಿಲಿಗೆ ಸರಿಯಿತು. ಎರೆನೆಲದ ಹದ ಬೇಗ ಆರುವುದರಿಂದ ಕೆಲವೇ ದಿನಗಳಲ್ಲಿ ಬಿತ್ತಿ ಮುಗಿಸಬೇಕಾದ ರೈತನಿಗೆ ಅದು ಅನಿವಾರ್ಯವೂ ಆಗಿತ್ತು.

ಹಾಗೆ ಹಿಂದೆ ಸರಿದದ್ದು ಮರಳಿ ಹೊಲಕ್ಕೆ ಬಂದದ್ದು ಹತ್ತಿಯಿಂದ. 1970ರಲ್ಲಿ ಗುಜರಾತಿನಲ್ಲಿ ಎಚ್-4 ಎಂಬ ಸಂಕರಣ ಹತ್ತಿ ಹೊರಬಂತು. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿಯವರು ರೂಪಿಸಿದ ‘ವರಲಕ್ಷ್ಮಿ’ ಬಂತು. ಸಂಕರಣ ಬೀಜ ದುಬಾರಿ, ಕೂರಿಗೆಗೆ ಸುರಿಯುವಂತಿಲ್ಲ. ಹೊಲದ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆಗಳು ಕೂಡುವಲ್ಲಿ ಒಂದೆರಡು ಬೀಜ ಊರಬೇಕು. ಹೀಗೆ ಹತ್ತಿಯ ಪೇಟೆಯೆಂದು ಹೆಸರಾದ ಆದೋನಿಯ ಸೀಮೆಯಲ್ಲಿ, ವಿಜ್ಞಾನದ ಹೊಸ ಫಲವನ್ನು ನೆಲಕ್ಕಿಳಿಸಲು ಅತ್ಯಂತ ಹಳೆಯ ವಿಧಾನವೇ ಬೇಕಾಯಿತು. ಬಗ್ಗಿದ ಬೆನ್ನಿನಿಂದ ಆ ಕೆಲಸ ಮಾಡಿದವರು ಬಹುಪಾಲು ಹೆಣ್ಣುಮಕ್ಕಳು. ಕೋಲಿನಂತೆ ಅವರ ಹೆಸರೂ ಚರಿತ್ರೆಯಲ್ಲಿ ದಾಖಲಾಗಲಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಮೈಸೂರಿಗೆ ಸೇರಿತು, ನಮ್ಮ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ಗೆರೆ ಹೊಲಗಳ ನಡುವೆ ಹಾದುಹೋಯಿತು. ಮಣ್ಣು, ಮಳೆ, ಬೆಳೆ ಬದಲಾಗಲಿಲ್ಲ. ನೆರೆಯ ತೆಲುಗು ರೈತನೂ ನಾವೂ ಅದೇ ಕೋಲು ಹಿಡಿದವರು. ಅದರಲ್ಲಿ ನಮಗೆ ಜಗಳವಿಲ್ಲ. ಆದರೆ ಎರಚು, ಬಿತ್ತು, ಊರು, ನೆಡು ಎಂಬ ನಾಲ್ಕು ಮಾತುಗಳ ಅಂತರ ನಮ್ಮ ಮಕ್ಕಳಿಗೆ ಇಂದು ಎಷ್ಟು ತಿಳಿದಿದೆ? ಶಾಲೆಯ ಪುಸ್ತಕ ಅದನ್ನು ಕಲಿಸದು. ಹೊಲದಲ್ಲಿ ಕೇಳಿ ಕಲಿತದ್ದು ಹೊಲ ಬಿಟ್ಟೊಡನೆ ಮರೆಯುತ್ತದೆ.

ಆದ್ದರಿಂದ ಸಂಘದ ಪ್ರತಿ ಮನೆಯಲ್ಲೂ ಒಂದು ಕೆಲಸವಾಗಲೆಂದು ನಾವು ಬಯಸುತ್ತೇವೆ. ಈ ಮುಂಗಾರಿನಲ್ಲಿ ಮಗುವಿನ ಕೈಗೆ ಒಂದು ಚೂಪು ಕೋಲು ಕೊಡಿ, ನಾಲ್ಕು ಅವರೆಬೀಜ ಊರಿಸಿ. ಅಜ್ಜಿ ಆ ಕೋಲನ್ನು ಏನೆಂದು ಕರೆಯುತ್ತಿದ್ದರೋ ಕೇಳಿ ಬರೆದಿಡಿ. ಕಲ್ಲಿನ ಉಂಗುರವನ್ನು ವಸ್ತುಸಂಗ್ರಹಾಲಯ ಕಾಯಬಲ್ಲದು. ಮಾತನ್ನು ಕಾಯಬೇಕಾದವರು ನಾವೇ.