ಅಮೃತಮಹಲ್ ಎತ್ತಿನ ಕಸುವು ಕಾವಲಿನದ್ದು

ಅಮೃತಮಹಲ್ ಎತ್ತಿನ ಮಾತು ಬಂದರೆ ಎಲ್ಲರೂ ತಳಿಯ ಗುಣವನ್ನೇ ಹೊಗಳುತ್ತಾರೆ. ತಳಿ ಮುಖ್ಯ, ಇಲ್ಲ ಅನ್ನುವುದಿಲ್ಲ. ಆದರೆ ಆ ಎತ್ತುಗಳನ್ನು ಬೆಳೆಸಿದ ರೀತಿ ನೋಡಿದರೆ, ಅವುಗಳ ಮೈಕಟ್ಟಿನಲ್ಲಿ ನಡಿಗೆಯ ಪಾಲೂ ದೊಡ್ಡದಿತ್ತು ಎಂದು ಗೊತ್ತಾಗುತ್ತದೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಈ ದನಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಎಂಬ ಹೆಸರಿತ್ತು. ಹೆಸರೇ ಹೇಳುವಂತೆ ಹಾಲು, ಬೆಣ್ಣೆಯ ಲೆಕ್ಕ. ಅದೇ ಹಿಂಡನ್ನು ತೋಪು ಎಳೆಯುವುದಕ್ಕೆ ತಿರುಗಿಸಿದವನು ಹೈದರಾಲಿ. ಚಿದಂಬರಂ ರಕ್ಷಣೆಗೆ ಹೊರಟಾಗ ಅವನ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತು ಎಂದು ಬ್ರಿಟಿಷರ ಕಾಲದ ದಾಖಲೆಗಳೇ ಬರೆದಿಟ್ಟಿವೆ. ದಿನಕ್ಕೆ 40 ಮೈಲಿ, ಅದೂ ಫಿರಂಗಿ ಕಟ್ಟಿಕೊಂಡು! 'ಅಮೃತಮಹಲ್' ಎಂದು ಹೆಸರು ಬದಲಿಸಿದ್ದು ಟಿಪ್ಪು.

ಇಂಥ ಎತ್ತು ಕೊಟ್ಟಿಗೆಯಲ್ಲಿ ತಯಾರಾಗಲಿಲ್ಲ. ಹಿಂಡು ವರ್ಷವಿಡೀ ಬಯಲಲ್ಲೇ ಇರುತ್ತಿತ್ತು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಇನ್ನೊಂದು, ಚಳಿಗಾಲಕ್ಕೆ ಮತ್ತೊಂದು. ಬೇಸಿಗೆ ಕಾವಲುಗಳು ಹೆಚ್ಚಾಗಿ ಕೆರೆಯಂಗಳದ ಹತ್ತಿರ, ನೆರಳಿರುವ ಕಡೆ. ಮೇವು, ನೀರು ಹುಡುಕುತ್ತ ನಡೆಯುವುದೇ ಕರುಗಳ ಪಾಠಶಾಲೆ. ನಾಲ್ಕು ವರ್ಷವಾದಾಗ ಗಂಡುಗಳನ್ನು ಹಿಂಡಿನಿಂದ ಬೇರೆ ಮಾಡುತ್ತಿದ್ದರು. ಏಳಕ್ಕೆ ಪೂರ್ಣ ಬಲ, ಹನ್ನೆರಡರ ನಂತರ ಇಳಿಮುಖ. ಏಳು ವರ್ಷ ಕಾಯುವ ತಾಳ್ಮೆ ಈಗ ಯಾವ ಸಾಕಣೆದಾರನಿಗಿದೆ?

ನಡಿಗೆ ಮಾಡುವ ಕೆಲಸವನ್ನು ಪಶುವೈದ್ಯ ವಿಜ್ಞಾನ ಈಗ ವಿವರಿಸುತ್ತದೆ. ದನದ ಸ್ನಾಯುವಿನ ಎಳೆಗಳ ಸಂಖ್ಯೆ ಬಹುಪಾಲು ಹುಟ್ಟುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಅದು ತಳಿಯ ಪಾಲು. ಆ ಎಳೆ ಎಷ್ಟು ದಪ್ಪವಾಗುತ್ತದೆ, ಎಷ್ಟು ಹೊತ್ತು ದಣಿಯದೆ ದುಡಿಯುತ್ತದೆ ಎಂಬುದರಲ್ಲಿ ಮೇವಿನ ಜೊತೆ ಕೆಲಸದ ಕೈಯೂ ಇದೆ. ದಿನವೂ ದೂರ ನಡೆದರೆ ಎಳೆಗಳ ಸುತ್ತ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯಾಗಳೂ ಹೆಚ್ಚುತ್ತವೆ. ಮೂಳೆ, ಗೊರಸು ಗಟ್ಟಿಯಾಗುತ್ತವೆ. ಕಟ್ಟಿಹಾಕಿ ತಿನ್ನಿಸಿದ ದನವೂ ದಪ್ಪವಾಗುತ್ತದೆ, ಸಂತೆಯಲ್ಲಿ ಕಣ್ಣಿಗೂ ತುಂಬುತ್ತದೆ. ಆದರೆ ಏರು ಬಂದಾಗ ಏದುಸಿರು ಬಿಡುತ್ತದೆ. ಇನ್ನೊಂದು ಮಾತು: ನಡೆದು ಗಳಿಸಿದ ಈ ಕಸುವು ಕರುವಿಗೆ ಬಳುವಳಿಯಾಗಿ ಬರುವುದಿಲ್ಲ. ಪ್ರತಿ ಕರುವೂ ತಾನೇ ನಡೆದು ಸಂಪಾದಿಸಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ವಶಕ್ಕೆ ಬಂತು. ಸರಿಯಾಗಿ ನೋಡಿಕೊಳ್ಳದೆ ಕೆಲವೇ ವರ್ಷದಲ್ಲಿ ಸೊರಗಿತು. ತಳಿ ಅದೇ, ಹುಲ್ಲುಗಾವಲೂ ಅವೇ! 1813ರಲ್ಲಿ ಕ್ಯಾಪ್ಟನ್ ಹಾರ್ವಿ ಎಂಬ ಸೇನಾಧಿಕಾರಿ ವಹಿಸಿಕೊಂಡ ನಂತರವೇ ಚೇತರಿಸಿಕೊಂಡದ್ದು. 1860ರಲ್ಲಿ ಖರ್ಚು ಉಳಿಸಲು ಇಡೀ ಹಿಂಡನ್ನೇ ಮಾರಿದರು. ಸೇನೆಗೆ ಎತ್ತು ಸಿಗದೆ ಕಷ್ಟವಾದಾಗ 1866ರಲ್ಲಿ ಮತ್ತೆ ಕಟ್ಟಿದರು. ಸರ್ಕಾರಗಳ ಲೆಕ್ಕಾಚಾರ ಆಗಲೂ ಹೀಗೇ.

ಈಗ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಹಿಂಡು ಉಳಿದಿದೆ, ಅಷ್ಟು ಸಮಾಧಾನ. ಕಾವಲುಗಳ ಕಥೆ ಬೇರೆ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಮೀರಿದ್ದ ಆ ಭೂಮಿ ಸಾಗುವಳಿಗೆ, ಊರಿಗೆ, ಯೋಜನೆಗಳಿಗೆ ಹಂಚಿಹೋಯಿತು. ಚಳ್ಳಕೆರೆ ತಾಲ್ಲೂಕಿನ ವರವು, ಉಳ್ಳಾರ್ತಿ, ಖುದಾಪುರ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿ, ಸುತ್ತ ಕಾಂಪೌಂಡ್ ಎದ್ದಿದೆ. ಅಲ್ಲಿ ಮೇಯುತ್ತಿದ್ದ ದನ, ಕುರಿಗಳು ಗೋಡೆ ಬಳಸಿ ಹೋಗಬೇಕು. ವೀರ್ಯದ ನಳಿಕೆಯಲ್ಲಿ ತಳಿಯನ್ನು ನೂರು ವರ್ಷ ಕಾಪಾಡಬಹುದೇನೋ. ಹಾಗೆ ಹುಟ್ಟುವ ಕರು ನಡೆಯುವುದಾದರೂ ಎಲ್ಲಿ ಎಂದು ಯಾವ ಇಲಾಖೆಯೂ ಕೇಳುತ್ತಿಲ್ಲ.