ಕೊಳೆತ ಬಳ್ಳೊಳ್ಳಿ ದಂಟು ಬರೆಸಿದ ಕಾದಂಬರಿ



2023ರ ಫೆಬ್ರವರಿಯಲ್ಲಿ ನಮ್ಮ ಸೊಲ್ಲಾಪುರ ಜಿಲ್ಲೆಯ ರೈತರೊಬ್ಬರು 512 ಕಿಲೊ ಉಳ್ಳಾಗಡ್ಡಿ ಮಾರುಕಟ್ಟೆಗೆ ತಂದರು. ಕಿಲೊಗೆ ಒಂದೇ ರೂಪಾಯಿ ದರ ಬಂತು. ಗಾಡಿ ಬಾಡಿಗೆ, ಹಮಾಲಿ, ತೂಕದ ಖರ್ಚು ಕಳೆದು ಅವರ ಕೈಗೆ ಸಿಕ್ಕದ್ದು 2 ರೂಪಾಯಿಯ ಚೆಕ್ಕು. ಆ ಸುದ್ದಿ ಓದಿದಾಗ ನನಗೆ ಚೀನಾ ದೇಶದ ಒಂದು ಘಟನೆ ನೆನಪಾಯಿತು. ಅಲ್ಲಿ ರೈತರನ್ನು ಕೆಡವಿದ್ದು ಉಳ್ಳಾಗಡ್ಡಿಯಲ್ಲ, ಬಳ್ಳೊಳ್ಳಿಯ ಹೂದಂಟು.

ಬಳ್ಳೊಳ್ಳಿಗೂ ಹೂದಂಟು ಇರುತ್ತದೆಯೇ ಎಂದು ನೀವು ಕೇಳಬಹುದು. ನಮ್ಮ ಬಯಲುನಾಡಿನ ಬಳ್ಳೊಳ್ಳಿ ಸಾಮಾನ್ಯವಾಗಿ ದಂಟು ಬಿಡುವುದಿಲ್ಲ. ಚಳಿ ಹೆಚ್ಚಿರುವ ನಾಡಿನ ಕೆಲವು ತಳಿಗಳು ಬಿಡುತ್ತವೆ. ಚೀನಾದ ಪೂರ್ವದಲ್ಲಿರುವ ಶಾಂಡೊಂಗ್ ಪ್ರಾಂತದಲ್ಲಿ ಮಳೆಗಾಲ ಮುಗಿದ ಮೇಲೆ ಎಸಳು ಊರುತ್ತಾರೆ. ಸಸಿ ಚಳಿಗಾಲವನ್ನು ನೆಲದಲ್ಲೇ ಕಳೆಯುತ್ತದೆ. ಬೇಸಿಗೆ ಬರುವಾಗ ನಡುವಿನಿಂದ ಹಸಿರು ದಂಟು ಎದ್ದು ತುದಿಯಲ್ಲಿ ಬಾಗುತ್ತದೆ. ಎಳೆಯದಿರುವಾಗಲೇ ಅದನ್ನು ಕೀಳಬೇಕು. ಕಿತ್ತರೆ ಗಿಡದ ಬಲ ಗಡ್ಡೆಗೆ ಹೋಗಿ ಗಡ್ಡೆ ದಪ್ಪಗಾಗುತ್ತದೆ; ಬಿಟ್ಟರೆ ದಂಟು ನಾರಾಗುತ್ತದೆ. ಹಂದಿಮಾಂಸದ ಜೊತೆಗೋ ಮೊಟ್ಟೆಯ ಜೊತೆಗೋ ಬಿಸಿ ಎಣ್ಣೆಯಲ್ಲಿ ಬಾಡಿಸಿದರೆ ಅದು ಚೀನಾದ ಮನೆಮನೆಯ ಪಲ್ಯ. ಹೀಗೆ ಒಂದೇ ಗಿಡದಿಂದ ಎರಡು ಬೆಳೆ. ಗಡ್ಡೆಯನ್ನು ಒಣಗಿಸಿ ಇಡಬಹುದು. ಹಸಿ ದಂಟು ಕಾಯುವುದಿಲ್ಲ. ಶೀತಗೃಹದಲ್ಲಿ ಜಾಗ ಸಿಗದಿದ್ದರೆ ಕೆಲವೇ ದಿನಗಳಲ್ಲಿ ಅದರ ಕಥೆ ಮುಗಿಯಿತು.

ಈ ಪ್ರಾಂತದ ದಕ್ಷಿಣಕ್ಕೆ ತ್ಸಾಂಗ್‌ಶಾನ್ ಎಂಬ ಕೌಂಟಿ ಇತ್ತು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲೂಕಿನ ಹಾಗೆ. 2014ರಲ್ಲಿ ಅದರ ಹೆಸರು ಲಾನ್‌ಲಿಂಗ್ ಎಂದು ಬದಲಾಯಿತು. ಬಳ್ಳೊಳ್ಳಿಗೆ ಹೆಸರಾದ ಊರು ಅದು. 1980ರ ದಶಕದ ಮೊದಲ ವರ್ಷಗಳಲ್ಲಿ ಸಾಮೂಹಿಕ ಬೇಸಾಯ ಬಿಟ್ಟು ಹೊಲಗಳನ್ನು ಮನೆಮನೆಗೆ ವಹಿಸಿದಾಗ ರೈತರ ಕೈಗೆ ರೊಕ್ಕ ತಂದ ಬೆಳೆ ಇದೇ. ಇನ್ನೂ ಹೆಚ್ಚು ಬೆಳೆಯಿರಿ ಎಂದು ಆಡಳಿತವೇ ಹುರಿದುಂಬಿಸಿತು. ಜನ ನಂಬಿ ಬೆಳೆದರು.

1987ರ ಮೇ ತಿಂಗಳಲ್ಲಿ ದಂಟು ರಾಶಿರಾಶಿಯಾಗಿ ಬಂತು. ಶೀತಗೃಹಗಳು ತುಂಬಿದವು. ನಾನಾ ಇಲಾಖೆಗಳು ಹಾಕಿದ ಶುಲ್ಕಗಳಿಂದ ಹೊರಗಿನ ವ್ಯಾಪಾರಿಗಳು ದೂರ ಸರಿದರು. ದರ ಕುಸಿಯಿತು. ಗಾಡಿ ಸಾಲುಗಳು ನಿಂತಲ್ಲೇ ನಿಂತವು, ದಂಟು ದಾರಿಯಲ್ಲೇ ಕೊಳೆಯಿತು. ಮೇ 27ರಂದು ಸಾವಿರಾರು ರೈತರು ಕೌಂಟಿ ಕಚೇರಿಗೆ ನುಗ್ಗಿ ಕಿಟಕಿ, ಪೀಠೋಪಕರಣ ಒಡೆದರು. ಆಮೇಲೆ ಕೆಲವರು ಸೆರೆಯಾದರು. ಅಧಿಕಾರಿಗಳ ಮೇಲೂ ಕ್ರಮ ಜರುಗಿತು.

ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದವರಲ್ಲಿ ಮೋ ಯಾನ್ ಎಂಬ ಲೇಖಕರೂ ಒಬ್ಬರು. ಅದೇ ಶಾಂಡೊಂಗಿನ ಗಾವೊಮಿಯ ರೈತ ಮನೆಯಲ್ಲಿ 1955ರಲ್ಲಿ ಹುಟ್ಟಿದವರು. ಬೇರೆ ಕೆಲಸ ಬದಿಗಿಟ್ಟು 35 ದಿನಗಳಲ್ಲಿ ಕಾದಂಬರಿ ಬರೆದು ಮುಗಿಸಿದರು. 1988ರಲ್ಲಿ ಅದು ಪ್ರಕಟವಾಯಿತು. ಕೌಂಟಿಗೆ ಅವರು ಇಟ್ಟ ಹೆಸರು 'ಸ್ವರ್ಗ'! ರೈತರ ಗೋಳನ್ನು ಊರೂರಿಗೆ ಹಾಡಿ ಹೇಳುವವನು ಒಬ್ಬ ಕುರುಡ ಹಾಡುಗಾರ. 2012ರಲ್ಲಿ ಮೋ ಯಾನ್ ಅವರಿಗೆ ಸಾಹಿತ್ಯದ ನೊಬೆಲ್ ಬಂತು.

ಇಲ್ಲಿ ಯೋಚಿಸಬೇಕಾದ್ದು ಒಂದಿದೆ. ರೈತರು ಸೋತದ್ದು ಬೆಳೆ ಕೆಟ್ಟದ್ದಕ್ಕಲ್ಲ, ಚೆನ್ನಾಗಿ ಬಂದದ್ದಕ್ಕೆ. ಬೆಳೆಯಿರಿ ಎಂದವರು ಮಾರುವ ದಾರಿಯನ್ನು ತೆರೆದಿಡಲಿಲ್ಲ. ಬರಗಾಲದ ವರ್ಷಗಳನ್ನು ಇತಿಹಾಸದ ಪುಸ್ತಕಗಳು ನೆನಪಿಡುತ್ತವೆ. ಸಮೃದ್ಧಿಯಲ್ಲಿ ಮುಳುಗಿದ ವರ್ಷಗಳನ್ನು ಮರೆತುಬಿಡುತ್ತವೆ. ತ್ಸಾಂಗ್‌ಶಾನಿನ ಆ ಮೇ ತಿಂಗಳು ಉಳಿದದ್ದು ಯಾರೋ ಬರೆದಿಟ್ಟಿದ್ದರಿಂದ.

ಮಕ್ಕಳೇ, ನಿಮ್ಮ ಅಪ್ಪ ಅಡತಿ ಅಂಗಡಿಯಿಂದ ತರುವ ಪಟ್ಟಿಯನ್ನು ಹರಿದು ಹಾಕಬೇಡಿ. ಎಷ್ಟು ಚೀಲ, ಏನು ದರ, ಎಷ್ಟು ಕಡಿತ, ಕೈಗೆ ಬಂದದ್ದೆಷ್ಟು ಎಂದು ತಾರೀಖು ಹಾಕಿ ವಹಿಯಲ್ಲಿ ಅಂಟಿಸಿಡಿ. ತಾಮ್ರಶಾಸನದಷ್ಟೇ ಅದೂ ಇತಿಹಾಸದ ಆಧಾರ. ನಮ್ಮ ಊರಿನ ಇತಿಹಾಸವನ್ನು ನಾಳೆ ಕನ್ನಡದಲ್ಲಿ ಬರೆಯುವವರು ನೀವೇ ತಾನೇ?