‘ನಾಳೆಯಿಂದ ಹೊಸ ರೂಲ್ಸ್’ ಎಂಬ ಮೆಸೇಜ್ ನಿಜವೇ? ಮೊಬೈಲ್‌ನಲ್ಲೇ ಪರಿಶೀಲಿಸುವುದು ಹೇಗೆ?

‘ನಾಳೆಯಿಂದ ಹೊಸ ರೂಲ್ಸ್ ಜಾರಿ, ತಪ್ಪಿದರೆ ಭಾರಿ ದಂಡ, ಎಲ್ಲ ಗ್ರೂಪ್‌ಗಳಿಗೂ ಕಳಿಸಿ’ ಎಂಬಂಥ ಮೆಸೇಜ್ ನಿಮ್ಮ ಫೋನಿಗೂ ಬಂದಿರುತ್ತದೆ. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು. ಇನ್ನು ಕೆಲವು ಅರ್ಧ ನಿಜ: ನಿಯಮ ಇರುತ್ತದೆ, ಆದರೆ ಇನ್ನೂ ಜಾರಿಗೆ ಬಂದಿರುವುದಿಲ್ಲ. ಕಣ್ಣುಮುಚ್ಚಿ ನಂಬಿದರೆ ಗಾಬರಿ, ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕಿದರೆ ಒಮ್ಮೊಮ್ಮೆ ನಿಜವಾಗಿಯೇ ದಂಡ.

ನಿಯಮ ನಿಜವೋ ಅಲ್ಲವೋ ಎಂದು ತಿಳಿಯಲು ನೋಡಬೇಕಾದದ್ದು ರಾಜ್ಯಪತ್ರ, ಅಂದರೆ ಗೆಜೆಟ್.

ಗೆಜೆಟ್ ಏಕೆ ಮುಖ್ಯ?

ಕಾಯ್ದೆಯನ್ನು ಸಂಸತ್ತು ಅಥವಾ ವಿಧಾನಮಂಡಲ ಮಾಡುತ್ತದೆ. ಅದರ ಅಡಿಯಲ್ಲಿ ವಿವರವಾದ ನಿಯಮಗಳನ್ನು ಸರ್ಕಾರ ರೂಪಿಸಿ, ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸುತ್ತದೆ. ಸುತ್ತೋಲೆ ಬೇರೆ, ಅದು ಸಾಮಾನ್ಯವಾಗಿ ಇಲಾಖೆ ತನ್ನ ಅಧಿಕಾರಿಗಳಿಗೆ ಕೊಡುವ ಸೂಚನೆ.

ಜನರಿಗೆ ತಿಳಿಸದ ಕಾನೂನಿನಡಿ ಶಿಕ್ಷೆ ಕೊಡಬಹುದೇ? ಈ ಪ್ರಶ್ನೆ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರಲ್ಲಿ ಅಫೀಮು ಕಾಯ್ದೆಯೊಂದನ್ನು ಅಂಗೀಕರಿಸಿತ್ತು, ಆದರೆ ಪ್ರಕಟಿಸಿರಲಿಲ್ಲ. ಅದರಡಿ ಹರ್ಲಾ ಎಂಬುವರಿಗೆ 50 ರೂಪಾಯಿ ದಂಡ ಬಿತ್ತು. ಜನರಿಗೆ ತಿಳಿಯುವಂತೆ ಪ್ರಕಟಿಸದ ಕಾನೂನು ಜಾರಿಗೆ ಬಂದಂತಲ್ಲ ಎಂದು 1951ರಲ್ಲಿ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು.

ಎಲ್ಲಿ ಹುಡುಕಬೇಕು?

• ಕೇಂದ್ರದ ನಿಯಮಗಳಿಗೆ ‘ಇ-ಗೆಜೆಟ್’ ಜಾಲತಾಣ. ಸಚಿವಾಲಯದ ಹೆಸರು ಮತ್ತು ದಿನಾಂಕ ಕೊಟ್ಟು ಹುಡುಕಬಹುದು.
• ಕರ್ನಾಟಕದ ನಿಯಮಗಳಿಗೆ ‘ಇ-ರಾಜ್ಯಪತ್ರ’ ಜಾಲತಾಣ. ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲೂ ಸಿಗುತ್ತವೆ.
• ತಿದ್ದುಪಡಿ ಸೇರಿಸಿದ ಕಾಯ್ದೆಯ ಪಠ್ಯಕ್ಕೆ ‘ಇಂಡಿಯಾ ಕೋಡ್’. ಇತ್ತೀಚಿನ ತಿದ್ದುಪಡಿ ಅಲ್ಲಿ ಸೇರಲು ತಡವಾಗಬಹುದು, ಆದ್ದರಿಂದ ಗೆಜೆಟ್ ಅನ್ನೂ ನೋಡಿ.

ಜಾಲತಾಣದ ವಿಳಾಸ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತದೆಯೇ ಎಂದು ಗಮನಿಸಿ. ಪಿಐಬಿ ಫ್ಯಾಕ್ಟ್ ಚೆಕ್ ನೋಡುವುದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ಸುದ್ದಿಗಳನ್ನು ಮಾತ್ರ.

ಅಧಿಸೂಚನೆ ಸಿಕ್ಕಿತು, ಈಗ ಏನು ನೋಡಬೇಕು?

1. ಕರಡೋ, ಅಂತಿಮವೋ? ಕರಡಿನಲ್ಲಿ ಆಕ್ಷೇಪಣೆ, ಸಲಹೆ ಸಲ್ಲಿಸಲು ಗಡುವು ಕೊಟ್ಟಿರುತ್ತಾರೆ. ಅದು ಇನ್ನೂ ನಿಯಮವಲ್ಲ.

2. ಜಾರಿ ಯಾವಾಗಿನಿಂದ? ಬೈಕ್‌ನಲ್ಲಿ ಹಿಂದೆ ಕೂರುವ ಮಕ್ಕಳ ನಿಯಮವನ್ನೇ ನೋಡಿ. 2021ರ ಅಕ್ಟೋಬರ್‌ನಲ್ಲಿ ಕರಡು ಬಂತು. 2022ರ ಫೆಬ್ರುವರಿ 15ರಂದು ಅಂತಿಮ ಅಧಿಸೂಚನೆ ಹೊರಬಿತ್ತು. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಜೋಡಿಸುವ ಸುರಕ್ಷತಾ ಬೆಲ್ಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬುದು ಅದರ ತಿರುಳು. ಆದರೆ ಜಾರಿಗೆ ಒಂದು ವರ್ಷದ ಕಾಲಾವಕಾಶ ಇತ್ತು. ಅಂದರೆ 2022ರಲ್ಲಿ ‘ನಾಳೆಯಿಂದಲೇ’ ಎಂದು ಫಾರ್ವರ್ಡ್ ಮಾಡಿದ್ದರೆ ಅದು ತಪ್ಪು. ಇಂದಿಗೂ ‘ಅಂಥ ನಿಯಮವೇ ಇಲ್ಲ’ ಎಂದರೆ ಅದೂ ತಪ್ಪು.

3. ನಮ್ಮ ರಾಜ್ಯಕ್ಕೆ ಎಷ್ಟು? ಹೆಲ್ಮೆಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ ಎಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಸ್ಥಳದಲ್ಲೇ ಕಟ್ಟುವ ಈ ದಂಡವನ್ನು 500ಕ್ಕೆ ಇಳಿಸಿತು. ಬೇರೆ ರಾಜ್ಯದ ಪಟ್ಟಿ ನಮಗೆ ಅನ್ವಯಿಸುವುದಿಲ್ಲ.

4. ನಿಖರವಾಗಿ ಏನು ಹೇಳಿದೆ? ‘ಡಿಎಲ್ ಫೋನಿನಲ್ಲಿದ್ದರೆ ಸಾಕು’ ಎಂಬ ಮೆಸೇಜ್‌ಗೆ ಆಧಾರವಿದೆ. ದಾಖಲೆಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲೂ ತೋರಿಸಬಹುದು ಎಂದು 2018ರ ನವೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ ತಿದ್ದುಪಡಿ ತರಲಾಯಿತು. ಡಿಜಿಲಾಕರ್ ಮೂಲಕ ಸಂಬಂಧಪಟ್ಟ ಇಲಾಖೆಯೇ ನೀಡಿದ ದಾಖಲೆಗೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ. ನೀವೇ ತೆಗೆದು ಗ್ಯಾಲರಿಯಲ್ಲಿಟ್ಟ ಫೋಟೋಗೆ ಈ ಮಾನ್ಯತೆ ಇಲ್ಲ. ಫಾರ್ವರ್ಡ್‌ನಲ್ಲಿ ಬಿಟ್ಟುಹೋಗುವುದು ಈ ವ್ಯತ್ಯಾಸವೇ.

ಫಾರ್ವರ್ಡ್ ಮಾಡುವ ಮುನ್ನ

ಮೆಸೇಜ್‌ನಲ್ಲಿ ಇಲಾಖೆಯ ಹೆಸರು, ಅಧಿಸೂಚನೆಯ ಸಂಖ್ಯೆ, ದಿನಾಂಕ ಇವೆಯೇ? ಇಲ್ಲದಿದ್ದರೆ ಕಳಿಸಿದವರನ್ನೇ ಕೇಳಿ. ಇದ್ದರೆ ಅದೇ ಸಂಖ್ಯೆಯನ್ನು ಗೆಜೆಟ್‌ನಲ್ಲಿ ಹೋಲಿಸಿ ನೋಡಿ, ಏಕೆಂದರೆ ಲಾಂಛನ ಮತ್ತು ಸಹಿಯನ್ನು ಯಾರು ಬೇಕಾದರೂ ಅಂಟಿಸಬಹುದು. ಆಮೇಲೂ ಅದೇ ವಿಷಯದ ಮೇಲೆ ಹೊಸ ತಿದ್ದುಪಡಿ ಬಂದಿದೆಯೇ ಎಂದು ಒಮ್ಮೆ ಹುಡುಕಿ. ನಿಯಮ ನಿಜವೆಂದು ಖಚಿತವಾದರೆ, ಮೆಸೇಜ್ ಬದಲು ಗೆಜೆಟ್‌ನ ಪಿಡಿಎಫ್ ಅನ್ನೇ ಗ್ರೂಪ್‌ಗೆ ಹಾಕಿ.